ಏಳನೇ ಕುಳಿಯ ಕೊನ್ನಾರಿ

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಷ್ಟು ದಪ್ಪ, ಅಷ್ಟೇ ಕಪ್ಪು. ನಡುವೆ ಉದ್ದಕ್ಕೆ ಸೀಳು ಬಿಟ್ಟಿತ್ತು. ಆ ಸೀಳಿನಲ್ಲಿ ಕೂತ ಕೆಮ್ಮಣ್ಣು ಯಾವ ನೀರಿಗೂ ಜಗ್ಗುತ್ತಿರಲಿಲ್ಲ. ಹಬ್ಬದ ದಿನ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ಸೋತು, "ಇರ್ಲಿ ಬಿಡು, ನಮ್ ಹೊಲದ್ ಮಣ್ಣೇ ಅಲ್ವಾ" ಎಂದು ಎದ್ದುಬಿಡುತ್ತಿದ್ದರು.

ಆ ಮಾತು ಹೇಳುವಷ್ಟರಲ್ಲಿ ಹೊಲ ನಮ್ಮದಾಗಿ ಉಳಿದಿರಲಿಲ್ಲ. ಐವತ್ತರ ದಶಕದ ನಡುವೆ ನಾನು ಸೊಸೆಯಾಗಿ ಬಂದೆ. ಬನಶಂಕರಿ ಗುಡಿ ದಾಟಿ ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ಕಡೆ ಹೋದರೆ ಎಡಕ್ಕೆ ನಮ್ಮೂರು. ನಾನು ಬಂದ ಎರಡನೇ ವರ್ಷ, ಊರ ಬದಿಯ ರಾಗಿ ಹೊಲಗಳನ್ನೆಲ್ಲ ಒಂದು ಕ್ಲಬ್ಬಿನವರು ಕೊಂಡುಕೊಂಡರು. ಗಾಲ್ಫ್ ಆಡಲು. ಚೆಂಡನ್ನು ದೂರದಿಂದ ಹೊಡೆದು ಹೊಡೆದು ಒಂದು ಸಣ್ಣ ಕುಳಿಗೆ ಬೀಳಿಸುವುದಂತೆ. ಅಂಥ ಕುಳಿ ಒಂಬತ್ತು. ಇದಕ್ಕೆ ಇಷ್ಟು ಜಮೀನು ಬೇಕೇ ಎಂದು ಊರೆಲ್ಲ ನಕ್ಕಿತು. ನಗುತ್ತಲೇ ಹೆಬ್ಬೆಟ್ಟೊತ್ತಿತು.

ಮಾರಿದ್ದಕ್ಕೆ ಅತ್ತೆಯದು ತಕರಾರಿರಲಿಲ್ಲ. ಅವರದು ಒಂದೇ ಷರತ್ತು. ಹೊಲದ ಮೂಲೆಯಲ್ಲಿ, ಹೊಂಗೆ ಮರದಡಿ ನಮ್ಮ ಮಾವನ ಗುಡ್ಡೆ ಇತ್ತು. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡಿ, ತಲೆಯ ಹತ್ತಿರ ಒಂದು ಕಲ್ಲು ನಿಲ್ಲಿಸುತ್ತೇವೆ. ಪಿತೃಪಕ್ಷದ ಅಮಾವಾಸ್ಯೆಯ ದಿನ ಅಲ್ಲಿಗೆ ಹೋಗಿ ಎಡೆ ಇಟ್ಟು ಬರಬೇಕು. ಗುಡ್ಡೆ ಮುಟ್ಟಬಾರದು, ವರ್ಷಕ್ಕೊಮ್ಮೆ ಎಡೆ ಇಡಲು ಬಿಡಬೇಕು, ಅಷ್ಟೇ. ಊರ ಯಜಮಾನರ ಎದುರು ಕ್ಲಬ್ಬಿನ ಸೆಕ್ರೆಟರಿ ಒಪ್ಪಿದ. "ಅಯ್ಯೋ, ಅದಕ್ಕೇನಮ್ಮ, ನಮ್ಮ ಮನೇಲೂ ಹಿರಿಯರಿದ್ದಾರೆ" ಎಂದು ಕೈ ಮುಗಿದ.

ಸೆಕ್ರೆಟರಿಯನ್ನು ನಾನು ಏಕವಚನದಲ್ಲೇ ಬರೆಯುತ್ತೇನೆ. ವಯಸ್ಸಿನಲ್ಲಿ ದೊಡ್ಡವನು, ಮಿಲಿಟರಿಯಲ್ಲಿ ಅಧಿಕಾರಿಯಾಗಿದ್ದವನು, ಇರಲಿ. ಬಿಳಿಯನಾಗಿದ್ದರೆ ಪಾಪ, ಗೊತ್ತಿಲ್ಲ ಅನ್ನಬಹುದಿತ್ತು. ಇವನು ಬಸವನಗುಡಿಯವನು. ವರ್ಷವರ್ಷ ತಪ್ಪದೆ ತನ್ನ ಅಪ್ಪನ ಶ್ರಾದ್ಧ ಮಾಡುವವನು. ಎಲ್ಲ ಗೊತ್ತಿದ್ದೇ ಮಾಡಿದ.

ಆ ವರ್ಷದ ಅಮಾವಾಸ್ಯೆಗೆ ಮುದ್ದೆ, ಕೋಳಿಸಾರು, ವಡೆ, ಮಾವನಿಗೆ ಪ್ರಾಣವಾಗಿದ್ದ ಬೀಡಿ ಕಟ್ಟು, ಎಲ್ಲ ಕುಕ್ಕೆಯಲ್ಲಿಟ್ಟುಕೊಂಡು ಹೋದೆವು. ಹೊಂಗೆ ಮರ ಇರಲಿಲ್ಲ. ಗುಡ್ಡೆ ಇರಲಿಲ್ಲ. ನೆಲ ತಟ್ಟೆಯ ಹಾಗೆ ಸಮ ಆಗಿತ್ತು, ಅದರ ಮೇಲೆ ಹೊಸ ಗರಿಕೆ ಹಾಸಿ ನೀರು ಚಿಮುಕಿಸುತ್ತಿದ್ದರು. ಏಳನೇ ಕುಳಿ ಅಲ್ಲಿಗೇ ಬರಬೇಕಂತೆ, ನಕ್ಷೆಯಲ್ಲಿ ಹಾಗಿತ್ತಂತೆ. ಅತ್ತೆ ಕ್ಲಬ್ಬಿನ ಕಟ್ಟಡದ ಕಡೆ ನಡೆದರು. ನಲ್ಲಿಯ ಬುಡದಲ್ಲಿ ಮಾವನ ತಲೆಗಲ್ಲು ಅಡ್ಡ ಬಿದ್ದಿತ್ತು. ಒಬ್ಬ ಆಟಗಾರ ಅದರ ಮೇಲೆ ಕಾಲಿಟ್ಟು ಬೂಟಿನ ಕೆಸರು ಉಜ್ಜುತ್ತಿದ್ದ.

ನನ್ನ ಗಂಡ ಕೂಗಾಡಿದರು. ಸೆಕ್ರೆಟರಿ, "ಬರವಣಿಗೇಲಿ ಏನಾದ್ರೂ ಇದ್ಯೇನ್ರೀ?" ಎಂದ. ಬರವಣಿಗೆಯಲ್ಲಿ ಏನಿರುತ್ತದೆ, ನಮ್ಮ ತಲೆ! ತಂದ ಎಡೆಯನ್ನು ಮನೆಯ ಹಿತ್ತಲಲ್ಲೇ ಇಟ್ಟೆವು. ಕಾಗೆ ಮುಟ್ಟಲಿಲ್ಲ. ಅತ್ತೆ ಮೂರು ದಿನ ಊಟ ಬಿಟ್ಟರು.

ನಾಲ್ಕನೇ ದಿನ ಬೆಳಿಗ್ಗೆ ಅದೇ ಕ್ಲಬ್ಬಿಗೆ ಹೋಗಿ ಕಳೆ ಕೀಳುವ ಕೂಲಿಗೆ ಸೇರಿಕೊಂಡರು. ನನ್ನನ್ನೂ ಸೇರಿಸಿದರು. ಮನೆಯಲ್ಲಿ ರಂಪವೋ ರಂಪ. "ಮಾನ ಮರ್ಯಾದೆ ಐತಾ ನಿಂಗೆ? ಅಪ್ಪನ ಗುಡ್ಡೆ ಕಿತ್ತೋನ ತಾವ ಕೂಲಿನಾ?" ಎಂದು ಮಗ ಎಗರಾಡಿದರೆ, ಅತ್ತೆ ಎಲೆಗೆ ಸುಣ್ಣ ಸವರುತ್ತ ಹೇಳಿದ್ದು ಇಷ್ಟೆ: "ತಾಳಿದವನು ಬಾಳಿಯಾನು ಅಂತಾರೆ. ನಾನು ಬಾಳಕ್ಕೆ ತಾಳ್ತಿಲ್ಲ ಕಣ್ಲಾ."

ಕುಳಿಯ ಸುತ್ತ ಒಂದು ಕಣದಷ್ಟು ಜಾಗದಲ್ಲಿ ಗರಿಕೆಯನ್ನು ನೆಲಕ್ಕೆ ಅಂಟಿಕೊಂಡ ಹಾಗೆ ಕತ್ತರಿಸಿ ಇಟ್ಟಿರುತ್ತಾರೆ. ಅದಕ್ಕೆ ಗ್ರೀನು ಅನ್ನುತ್ತಾರೆ. ಅದರ ಚಾಕರಿ ಬಾಣಂತಿ ಚಾಕರಿಗಿಂತ ಹೆಚ್ಚು. ಧನುರ್ಮಾಸದಲ್ಲಿ ಆಟಗಾರರು ಬರುವ ಮುಂಚೆ ಉದ್ದನೆಯ ಬಿದಿರು ಗಳ ಬೀಸಿ ಇಬ್ಬನಿ ಒರೆಸಬೇಕು. ಬೇಸಿಗೆಯಲ್ಲಿ ಊರ ಬಾವಿ ತಳ ಕಂಡರೂ ಆ ಒಂಬತ್ತು ಗ್ರೀನುಗಳಿಗೆ ದಿನಕ್ಕೆ ಎರಡು ಹೊತ್ತು ಕೊಡದಲ್ಲಿ ನೀರು ಹೊರಬೇಕು. ಮುಂಗಾರಿಗೆ ಮುಂಚೆ ಕೆರೆಗೋಡು, ಅಂದರೆ ಕೆರೆಯ ತಳದ ಹೂಳುಮಣ್ಣು, ತಂದು, ಒಣಗಿಸಿ, ಮರಳು ಮತ್ತು ಕುರಿಗೊಬ್ಬರ ಬೆರೆಸಿ, ಜರಡಿ ಹಿಡಿದು, ಹಿಟ್ಟು ಉದುರಿಸಿದ ಹಾಗೆ ಮೇಲೆ ತೆಳ್ಳಗೆ ಹರಡಬೇಕು. ಮಳೆ ಹಿಡಿದರೆ ಬಯಲಿನ ಹುಲ್ಲು ಕತ್ತರಿಸುವ ಯಂತ್ರವನ್ನು ಎತ್ತುಗಳು ಎಳೆಯುತ್ತಿದ್ದವು. ಗೊರಸಿನ ಗುರುತು ಬೀಳಬಾರದೆಂದು ಅವುಗಳ ಕಾಲಿಗೆ ಚರ್ಮದ ಜೋಡು! ಪಕ್ಕದಲ್ಲಿ ನಾವು ಹನ್ನೆರಡು ಹೆಂಗಸರು ಬರಿಗಾಲಲ್ಲಿ ಕುಕ್ಕರಗಾಲು ಹಾಕಿಕೊಂಡು ಕಳೆ ಕೀಳುತ್ತಿದ್ದೆವು. "ಮುಂದಿನ್ ಜನ್ಮಕ್ಕೆ ಎತ್ತಾಗ್ ಹುಟ್ಟಬೇಕು ಕಣ್ರಮ್ಮಿ, ಜೋಡಾದ್ರೂ ಸಿಕ್ತದೆ" ಎಂದು ಅತ್ತೆ ನಗಿಸುತ್ತಿದ್ದರು.

ಮೊದಲ ವರ್ಷವೆಲ್ಲ ಅತ್ತೆ ಏನೂ ಮಾಡಲಿಲ್ಲ, ಬರೀ ಕಲಿತರು. ಯಾವ ಗ್ರೀನಿನಲ್ಲಿ ನೀರು ನಿಲ್ಲುತ್ತದೆ, ಯಾವ ತಿಂಗಳಲ್ಲಿ ಗರಿಕೆ ಸೊರಗುತ್ತದೆ, ದೊಡ್ಡ ಪಂದ್ಯ ಯಾವಾಗ, ಎಲ್ಲ. ಅವರಷ್ಟು ಅಚ್ಚುಕಟ್ಟಾಗಿ ಆ ಹುಲ್ಲನ್ನು ನೋಡಿಕೊಂಡವರು ಬೇರೆ ಇಲ್ಲ. ಸೆಕ್ರೆಟರಿಗೆ ಖುಷಿಯೋ ಖುಷಿ. ವರ್ಷ ತುಂಬುವಷ್ಟರಲ್ಲಿ ಅತ್ತೆಯನ್ನೇ ಹೆಂಗಸರ ಮೇಸ್ತ್ರಿ ಮಾಡಿದ. ಅತ್ತೆ ದಿನಾ ಬೆಳಿಗ್ಗೆ ನಲ್ಲಿಯ ಹತ್ತಿರ ಹಾದು ಬರುವಾಗ ಆ ಕಲ್ಲನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವನು ಅದನ್ನೂ ನೋಡಿದ್ದ. ನೋಡಿಯೂ ಕಲ್ಲನ್ನು ಅಲ್ಲೇ ಬಿಟ್ಟಿದ್ದ.

ಇನ್ನು ಕೊನ್ನಾರಿ. ರೈತರ ಮನೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಮೇಲೆ ನೋಡಿದರೆ ಬಡಪಾಯಿ ಹುಲ್ಲು, ಮೂರು ಎಳೆ. ಕೆಳಗೆ ದಾರದಂಥ ಬೇರು, ಬೇರಿಗೊಂದು ಕಡಲೆಬೀಜದ ಗಾತ್ರದ ಕಪ್ಪು ಗೆಡ್ಡೆ, ಅದರಿಂದಾಚೆ ಇನ್ನೊಂದು, ಮತ್ತೊಂದು. ಮೇಲಿನ ಹುಲ್ಲನ್ನಷ್ಟೇ ಕಿತ್ತರೆ ಗೆಡ್ಡೆ ಸಿಟ್ಟಿಗೆದ್ದು ಅಕ್ಕಪಕ್ಕದಲ್ಲಿ ನಾಲ್ಕು ಕಡೆ ತಲೆ ಎತ್ತುತ್ತದೆ. ಶತ್ರುವಿನ ಹೊಲಕ್ಕೆ ಕೊನ್ನಾರಿ ಬರಲಿ ಎಂದು ಶಾಪ ಹಾಕುವವರನ್ನು ನಾನು ಕಂಡಿದ್ದೇನೆ. ನಮ್ಮತ್ತೆ ಶಾಪ ಹಾಕುತ್ತ ಕೂರುವ ಜಾತಿಯವರಲ್ಲ.

ಎರಡನೇ ವರ್ಷ, ರೋಹಿಣಿ ಮಳೆಗೆ ನಾಲ್ಕು ದಿನ ಮುಂಚೆ, ಏಳನೇ ಗ್ರೀನಿಗೆ ಗೋಡು ಹರಡುತ್ತಿದ್ದೆವು. ಅತ್ತೆ ಎಲೆಅಡಿಕೆ ಸಂಚಿಗೆ ಕೈ ಹಾಕಿದರು. ತೆಗೆದದ್ದು ಅಡಿಕೆಯಲ್ಲ. ಒಂದೊಂದೇ ಗೆಡ್ಡೆ ನೆಲಕ್ಕಿಟ್ಟು, ಆ ಹೆಬ್ಬೆರಳಿನಿಂದ ಒತ್ತಿ, ಮೇಲೆ ಗೋಡು ಸವರಿದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಏನಮ್ಮಿ ಇಸ್ಕೂಲಮ್ಮ, ಕಣ್ ಬಿಡ್ತಾ ಇದ್ದೀಯ?" ನಾನು ಮಿಡ್ಲ್ ಸ್ಕೂಲು ಓದಿದ್ದಕ್ಕೆ ನನಗೆ ಆ ಹೆಸರು.

"ಏನಿಲ್ಲ ಅತ್ತೆ."

"ಏನಿಲ್ದಿದ್ರೆ ಆ ಕಡೆ ಮೂಲೆ ನೀನ್ ನೋಡ್ಕೋ" ಎಂದು ಒಂದು ಹಿಡಿ ನನ್ನ ಕೈಗೆ ಸುರಿದರು.

ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ಗೆಡ್ಡೆ ಒತ್ತಿದ ಮೇಲೆ ಎಂಥ ಸಮಾಧಾನ ಆಯಿತು ಅಂತೀರಿ! ಹೆರಿಗೆ ನೋವು ನಿಂತಾಗಲೂ ಅಷ್ಟು ಹಗುರ ಅನ್ನಿಸಿರಲಿಲ್ಲ.

ಮಳೆ ಬಿತ್ತು. ಕೊನ್ನಾರಿ ಎದ್ದಿತು. ಸೆಕ್ರೆಟರಿ ಇಂಗ್ಲಿಷ್ ಪುಸ್ತಕ ಓದಿಕೊಂಡು ಹುಲ್ಲು ಬೆಳೆಸುವವನು. ಗ್ರೀನಿನ ಮೇಲೆ ಕಬ್ಬಿಣ ಮುಟ್ಟಿಸಕೂಡದು, ಕೈಯಲ್ಲೇ ಕೀಳಬೇಕು ಎಂದು ಅವನ ಹುಕುಂ. ಅತ್ತೆ ಅವನಿಗೆ ಬುದ್ಧಿ ಹೇಳಿದರು, ಎಲ್ಲರೆದುರೇ ಹೇಳಿದರು: "ಬುದ್ಧೀ, ಇದು ಕೊನ್ನಾರಿ. ಗೆಡ್ಡೆ ಸಮೇತ ತೆಗೀಬೇಕು, ಮೇಲ್ ಕಿತ್ರೆ ಜಾಸ್ತಿ ಆಯ್ತದೆ."

"ನನಗೆ ಹೇಳಿಕೊಡಬೇಡ. ಹೇಳಿದಷ್ಟು ಮಾಡು."

ಮಾಡಿದೆವು. ಅಷ್ಟು ನಿಷ್ಠೆಯಿಂದ ಯಾವ ಯಜಮಾನನ ಮಾತನ್ನೂ ಯಾರೂ ನಡೆಸಿಲ್ಲ. ದಿನಾ ಬೆಳಿಗ್ಗೆ ಮೇಲಿಂದ ಕಿತ್ತೆವು, ದಿನಾ ಅದು ಎರಡಾಯಿತು. ಅವನು ನೀರು ಹೆಚ್ಚು ಮಾಡಿಸಿದ, ಗೊಬ್ಬರ ಹೆಚ್ಚು ಮಾಡಿಸಿದ, ಗರಿಕೆ ಗೆಲ್ಲಲಿ ಅಂತ. ತಿಂದದ್ದೆಲ್ಲ ಕೊನ್ನಾರಿಯೇ.

ದಸರೆ ಕಳೆದು ದೊಡ್ಡ ಪಂದ್ಯ. ಮದ್ರಾಸಿನಿಂದ, ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಹಿಂದಿನ ಸಂಜೆ ಏಳನೇ ಗ್ರೀನನ್ನು ಕೆನ್ನೆ ಬೋಳಿಸಿದ ಹಾಗೆ ಕತ್ತರಿಸಿದ್ದೆವು. ಗರಿಕೆ ಒಂದು ರಾತ್ರಿಯಲ್ಲಿ ಬೆಳೆಯುವುದಿಲ್ಲ, ಕೊನ್ನಾರಿ ಬೆಳೆಯುತ್ತದೆ. ಬೆಳಿಗ್ಗೆ ಹೊತ್ತಿಗೆ ಅರ್ಧ ಬೆರಳುದ್ದ ನೆಟ್ಟಗೆ ನಿಂತಿತ್ತು. ಸೆಕ್ರೆಟರಿ ತಾನೇ ಆಡುತ್ತಿದ್ದ. ಕುಳಿ ಇದ್ದದ್ದು ಮೂರು ಹೆಜ್ಜೆ ದೂರ. ಬಗ್ಗಿ, ಅಳೆದು, ಉಸಿರು ಹಿಡಿದು ತಟ್ಟಿದ. ಚೆಂಡು ಒಂದು ಎಳೆಗೆ ತಾಗಿ ಎಡಕ್ಕೆ, ಇನ್ನೊಂದಕ್ಕೆ ತಾಗಿ ಬಲಕ್ಕೆ ಹೋಗಿ ಕುಳಿಯ ಪಕ್ಕದಲ್ಲೇ ಹಾದುಹೋಯಿತು. ಮತ್ತೆ ತಟ್ಟಿದ. ಮತ್ತೆ. ಐದು ಸಲ! ಬಂದ ಅತಿಥಿಯೊಬ್ಬ ಕಿಸಕ್ಕನೆ ನಕ್ಕ. ಅಂಚಿನಲ್ಲಿ ನಿಂತಿದ್ದ ನಾವು ಹನ್ನೊಂದು ಜನವೂ ಸೆರಗು ಬಾಯಿಗೆ ತುರುಕಿಕೊಂಡೆವು. ಅತ್ತೆಯೊಬ್ಬರು ನಗಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದರು.

ಮಾರನೆಯ ದಿನ ಅತ್ತೆಯನ್ನು ಕರೆಸಿದ. ನಾನೂ ಹೋದೆ.

"ಬೇರೆ ಎಲ್ಲೂ ಇಲ್ಲ, ಅದೊಂದರಲ್ಲೇ ಯಾಕೆ ಹೀಗೆ?" ಎಂದು ಕೇಳಿದ.

"ಅಲ್ಲಿ ನಮ್ಮನೆಯವ್ರು ಮಲಗವ್ರಲ್ಲ ಬುದ್ಧೀ. ಒಂದ್ ಮಾತೂ ಕೇಳ್ದೆ ಮೈಮೇಲೆ ಹುಲ್ಲು ಹೊದಿಸಿದ್ರಿ. ಎಡೇನೂ ಇಲ್ಲ, ಕಲ್ಲೂ ಇಲ್ಲ. ಅವ್ರು ಸುಮ್ನಿರ್ತಾರಾ?"

ಅವನ ಬಣ್ಣ ಇಳಿಯಿತು. ಎಷ್ಟೇ ಆದರೂ ಶ್ರಾದ್ಧ ಮಾಡುವವನು. ಕೊನೆಗೆ ಆ ಗ್ರೀನನ್ನು ಬಿಟ್ಟು, ಕುಳಿಯನ್ನು ದೂರಕ್ಕೆ ಸರಿಸುವುದಾಗಿ ಒಪ್ಪಿದ. ಕಲ್ಲನ್ನು ಆಳುಗಳ ಕೈಲಿ ಕಳಿಸುತ್ತೇನೆ ಎಂದ. "ಕೀಳಿಸ್ದೋರೇ ತರ್ಬೇಕು" ಎಂದರು ಅತ್ತೆ. ದೀಪಾವಳಿ ಅಮಾವಾಸ್ಯೆಯ ದಿನ, ಒಂದು ತುದಿ ಮಾಲಿ ಹಿಡಿದು, ಇನ್ನೊಂದು ತುದಿ ತಾನು ಹಿಡಿದು, ಬೂಟು ಬಿಟ್ಟು ಬರಿಗಾಲಲ್ಲಿ ಆ ಕಲ್ಲನ್ನು ಹೊತ್ತು ತಂದು ನಿಲ್ಲಿಸಿದ. ಕೊನ್ನಾರಿಯ ನಡುವೆ ಎಡೆ ಇಟ್ಟೆವು. ಅವನೂ ಕೈ ಮುಗಿದು ನಿಂತ. ಬೀಡಿ ಕಟ್ಟನ್ನು ಮಾತ್ರ ವಿಚಿತ್ರವಾಗಿ ನೋಡಿದ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಂದಿನ ಗೋಡು ಹರಡುವ ಕಾಲಕ್ಕೆ, ಎಂಟನೇ ಗ್ರೀನಿನಲ್ಲಿ ಅತ್ತೆ ಮತ್ತೆ ಸಂಚಿ ಬಿಚ್ಚಿದರು.

"ಅತ್ತೆ, ಕಲ್ಲು ಬಂತಲ್ಲ!"

"ಬಂತು. ಅದ್ರ ಮ್ಯಾಲೆ ಎರಡು ಮಳೆಗಾಲ ಬೂಟ್ ಉಜ್ಜಿದ್ರಲ್ಲ, ಅದೆಲ್ ಹೋಯ್ತದೆ?"

ಹೀಗೆ ವರ್ಷಕ್ಕೊಂದು ಗ್ರೀನು. ಇದರ ಫಲ ಉಂಡವರು ಅವನೊಬ್ಬನೇ ಅಲ್ಲ, ನಾವೂ ಉಂಡೆವು. ಮಾಡಿದ್ದುಣ್ಣೋ ಮಹರಾಯ! ಕೊನ್ನಾರಿ ಹೆಚ್ಚಿದಷ್ಟೂ ಕೀಳುವ ಬೆನ್ನು ನಮ್ಮದೇ. ಮಳೆಯಲ್ಲಿ ಗೋಣಿಚೀಲ ಹೊದ್ದು ದಿನವೆಲ್ಲ ಕೂತು ಹಾಳಾದ ನನ್ನ ಮಂಡಿ ಇವತ್ತಿಗೂ ಮೆಟ್ಟಿಲು ಹತ್ತುವುದಿಲ್ಲ. ಎಲ್ಲರಿಗಿಂತ ಹೆಚ್ಚು ಕಿತ್ತವರು ಅತ್ತೆಯೇ. ಅವರ ಬೆನ್ನು ಬಾಗಿ, ಕೊನೆಕೊನೆಗೆ ನಿಂತರೂ ಕೂತ ಹಾಗೆಯೇ ಕಾಣುತ್ತಿದ್ದರು. "ನೋವಾ ಅತ್ತೆ?" ಅಂದರೆ, "ಅವ್ನ ಮುಖ ನೆನೆಸ್ಕೊಂಡ್ರೆ ನೋವು ಕಾಣಕ್ಕಿಲ್ಲ ಕಣಮ್ಮಿ" ಅನ್ನುತ್ತಿದ್ದರು.

ಅರವತ್ತರ ದಶಕದ ಕೊನೆಗೆ, ಒಂದು ಆಷಾಢದಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ. ಊರ ಯಜಮಾನರು ಬಂದು ತಲೆ ಹತ್ತಿರ ಕೂತು, "ಹೋಗೋ ಕಾಲದಲ್ಲಿ ದ್ವೇಷ ಇಟ್ಕೋಬಾರ್ದವ್ವಾ, ಬಿಟ್ಟೆ ಅನ್ನು" ಎಂದು ಬೇಡಿದರು. ಅತ್ತೆ ಗೋಡೆ ಕಡೆ ತಿರುಗಿಕೊಂಡರು. ಅವರೆಲ್ಲ ಹೋದ ಮೇಲೆ ನನ್ನನ್ನು ಹತ್ತಿರ ಕರೆದು ಒಂದು ಮಾತು ಹೇಳಿದರು. ಅದೇ ಕೊನೆಯದು.

ಮಾವನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅವರ ಆಸೆ. ಆ ಜಾಗ ಕ್ಲಬ್ಬಿನದು. ಯಾರನ್ನೂ ಕೇಳದೆ ಹೊತ್ತುಕೊಂಡು ಹೋಗಿ, ಕಲ್ಲಿನ ಪಕ್ಕ ಗುಂಡಿ ತೋಡಲು ಶುರು ಮಾಡಿದೆವು. ಅರ್ಧ ಆಗಿತ್ತು. ಸೆಕ್ರೆಟರಿ ನಡೆದುಕೊಂಡು ಬಂದ. ಗುದ್ದಲಿಗಳು ನಿಂತವು. ಬೇಡ ಎಂದು ಅವನು ಒಂದು ಮಾತು ಅಂದಿದ್ದರೆ ಹೆಣವನ್ನು ವಾಪಸು ಹೊರಬೇಕಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಮುದುಕನಾಗಿದ್ದ.

"ನನ್ನ ವಿಷಯ ಏನಾದರೂ ಹೇಳಿದರಾ, ಹೋಗೋ ಮುಂಚೆ?" ಎಂದು ನನ್ನನ್ನೇ ಕೇಳಿದ.

ಕ್ಷಮಿಸಿದರು ಎಂದರೆ ಸಾಕಿತ್ತು. ನನ್ನ ಗಂಡ ಹಿಂದಿನಿಂದ ಮೊಣಕೈ ಚಿವುಟುತ್ತಿದ್ದರು. ಆದರೆ ಆ ತಾಯಿಯ ಕೊನೆಯ ಮಾತನ್ನು ಅವಳ ಗುಂಡಿಯ ಮುಂದೆಯೇ ತಿರುಚಲೇ?

"ಹೇಳಿದ್ರು. 'ನಾಲ್ಕನೇ ಕುಳಿ ಒಂದು ಉಳ್ಕೊಂಡ್ತು ಅಂತ ಬುದ್ಧಿಯೋರ್ಗೆ ಹೇಳು' ಅಂದ್ರು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ನಮ್ಮ ಹನ್ನೊಂದು ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ನೋಡಿದ, ಕೊನೆಗೆ ನನ್ನನ್ನು. ನಾನು ಕಣ್ಣು ತಗ್ಗಿಸಲಿಲ್ಲ. ಟೋಪಿ ಹಾಕಿಕೊಂಡು, ಬಂದ ದಾರಿಯಲ್ಲಿ ಹೊರಟುಹೋದ. ಗುದ್ದಲಿಗಳು ಮತ್ತೆ ಎದ್ದವು.

ನಾಲ್ಕನೇ ಕುಳಿಯನ್ನು ಮುಂದಿನ ರೋಹಿಣಿ ಮಳೆಗೆ ನಾನೇ ಮುಗಿಸಿದೆ.