ತೀರಿಕೊಂಡವರ ಹೆಸರಿಗೆ ಬಂದ ನೋಟಿಸು

ಎದೆನೋವೆಂದರೂ ನನ್ನ ಗಂಡ ಆ ದಿನ ಸಿರುಗುಪ್ಪದಿಂದ ಬಳ್ಳಾರಿಗೆ ತಾವೇ ಕಾರು ಓಡಿಸಿಕೊಂಡು ಬಂದರು. ನನಗೆ ಆಗ ಡ್ರೈವಿಂಗ್ ಬರುತ್ತಿರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಜಾಗವಿಲ್ಲವೆಂದು ಪಕ್ಕದ ಖಾಸಗಿ ಪಾರ್ಕಿಂಗಿಗೆ ಕಳಿಸಿದರು. ಚೀಟಿ ಪಡೆದು ಜೇಬಿಗಿಟ್ಟುಕೊಂಡು ಅವರು ನಡೆದೇ ಒಳಗೆ ಹೋದರು. ಹೊರಗೆ ಬಂದದ್ದು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆಯಲ್ಲಿ.

ಕಾರು ನಮಗ್ಯಾರಿಗೂ ನೆನಪಾಗಲಿಲ್ಲ. ತಿಥಿಯ ಶಿವಗಣಾರಾಧನೆ ಮುಗಿದ ಮೇಲೆ ಕುರುಗೋಡಿನಲ್ಲಿರುವ ನನ್ನ ಅಣ್ಣ ಹೋಗಿ ತಂದ. ಅಲ್ಲಿಯ ಕಾವಲುಗಾರ ಸಂಗತಿ ಕೇಳಿ, ನಿಂತ ದಿನಗಳ ಬಾಡಿಗೆಯನ್ನಷ್ಟೇ ಪಡೆದು, ರಸೀದಿ ಕೊಟ್ಟು ಕಳಿಸಿದ್ದ.

ಕೆಲವು ತಿಂಗಳಾದ ಮೇಲೆ ಅಂಚೆಯವನು ಬಾಗಿಲಲ್ಲಿ ನಿಂತು, "ಮೇಡಂ, ಸಾಹೇಬ್ರ ಹೆಸರಿಗೆ ರಿಜಿಸ್ಟರ್ ಬಂದೈತ್ರಿ" ಎಂದು ತಲೆ ತಗ್ಗಿಸಿದ. ಪಾರ್ಕಿಂಗ್ ಮಾಲೀಕರ ಪರವಾಗಿ ವಕೀಲರೊಬ್ಬರು ಕಳಿಸಿದ ಇಂಗ್ಲಿಷ್ ನೋಟಿಸು. ತಾವು ಬೇಕೆಂತಲೇ ವಾಹನವನ್ನು ಬಿಟ್ಟುಹೋಗಿದ್ದೀರಿ, ಷರತ್ತು ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂದಿತ್ತು.

ಬೇಕೆಂತಲೇ!

ಅಣ್ಣನಿಗೆ ಫೋನ್ ಮಾಡಿದೆ. "ವಕೀಲರ ಕೂಡ ಯಾಕ ಜಗಳ? ರೊಕ್ಕ ಒಗದುಬಿಡೂಣು ಅವರ ಮಾರಿಗೆ. ನಾ ಕಟ್ತೀನಿ" ಅಂದ.

"ನೀ ಕಟ್ಟಿದ್ರ ಅವರು ಹೇಳಿದ್ದು ಖರೆ ಆಕ್ಕೈತಿ. ಕಟ್ಟಬ್ಯಾಡ" ಅಂದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಉತ್ತರವನ್ನು ಕನ್ನಡದಲ್ಲಿಯೇ ಬರೆದೆ. ಮೊದಲು ಬರೆದದ್ದರಲ್ಲಿ ಬರೀ ಬೈಗುಳವಿತ್ತು, ಹರಿದೆ. ಎರಡನೆಯದರಲ್ಲಿ ಅಳು ಬಂತು, ಅದನ್ನೂ ಹರಿದೆ. ಕೊನೆಗೆ ಇಷ್ಟೇ ಬರೆದೆ: ನೀವು ನೋಟಿಸು ಕಳಿಸಿದವರು ನಿಮ್ಮ ಪಕ್ಕದ ಆಸ್ಪತ್ರೆಯಲ್ಲಿಯೇ ತೀರಿಕೊಂಡಿದ್ದಾರೆ. ಬಾಡಿಗೆ ಸಂದಾಯವಾಗಿದೆ. ದಂಡದ ಷರತ್ತನ್ನು ಅವರು ಎಲ್ಲಿ, ಯಾವಾಗ ಒಪ್ಪಿದರು ಎಂಬುದನ್ನು ತೋರಿಸಿ. ಈ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ರಸೀದಿಯ ಜೆರಾಕ್ಸ್ ಲಗತ್ತಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಪತ್ರ ಮುಟ್ಟಿದ್ದಕ್ಕೆ ಸಹಿಯಾದ ಕಾರ್ಡೂ ವಾಪಸ್ ಬಂತು.

ಅದರ ಹಿಂದೆಯೇ ಎರಡನೆಯ ನೋಟಿಸು. ಮತ್ತೆ ಅವರ ಹೆಸರಿಗೇ. ಮೊದಲ ನೋಟಿಸಿಗೆ ತಾವು ಉತ್ತರಿಸುವ ಸೌಜನ್ಯ ತೋರಲಿಲ್ಲ ಎಂದಿತ್ತು.

ಶಾಲೆಗೆ ರಜೆ ಹಾಕಿ, ಅಣ್ಣನನ್ನು ಕರೆದುಕೊಂಡು ಬಳ್ಳಾರಿಗೆ ಹೋದೆ. ವಕೀಲರ ಆಫೀಸಿನಲ್ಲಿ ನಾಲ್ಕಾರು ಕಕ್ಷಿದಾರರು ಕೂತಿದ್ದರು. ವಕೀಲರು ನೋಟಿಸಿನ ಮೇಲೆ ಕಣ್ಣಾಡಿಸಿ, "ಪಾರ್ಕಿಂಗ್ ಪಾರ್ಟಿ ದಂಡ ಕಟ್ಟಬೇಕಾದವರ ಲಿಸ್ಟ್ ಕೊಡ್ತಾರ್ರೀ, ನಾವು ಕಳಿಸ್ತೀವಿ. ಇದರಾಗ ಪರ್ಸನಲ್ ಏನಿಲ್ಲ. ಅರ್ಧ ಕಟ್ರಿ, ಮುಗಿಸಿಬಿಡ್ತೀನಿ" ಅಂದರು.

"ನನ್ನ ಪತ್ರ ಓದೀರೇನ್ರಿ?"

"ಯಾವ ಪತ್ರ?"

ಮೇಜಿನ ಮೂಲೆಯ ರಾಶಿಯಲ್ಲಿ ನನ್ನ ಅಕ್ಷರದ ಲಕೋಟೆ ಕಂಡಿತು. ಒಡೆದೇ ಇರಲಿಲ್ಲ. ಎಳೆದುಕೊಂಡು, ಒಡೆದು, ನಿಂತಲ್ಲಿಯೇ ಪತ್ರವನ್ನು ಗಟ್ಟಿಯಾಗಿ ಓದಿದೆ. ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿ ನನ್ನದು. ಕೂತವರೆಲ್ಲ ಮಾತು ನಿಲ್ಲಿಸಿದರು. ಅಣ್ಣ ನನ್ನ ಸೆರಗು ಜಗ್ಗಿದ, ನಾನು ತಿರುಗಲಿಲ್ಲ.

"ನೀವು ಇದನ್ನ ನನಗೊಬ್ಬಗ ಹೇಳಬೇಕಿತ್ರಿ ಮೇಡಂ" ಎಂದರು ವಕೀಲರು, ಮುಖ ಕೆಂಪಾಗಿ.

"ರಿಜಿಸ್ಟರ್ ಮಾಡಿ ಹೇಳೀನಿ. ನೀವು ಓದಲಿಲ್ಲ. ಈಗ ವಾಪಸ್ ತಗೊಂಡೀವಿ ಅಂತ ಬರ್ದು ಕೊಡ್ರಿ. ಅಲ್ಲೀತನಕ ಇಲ್ಲಿಂದ ಹೋಗೂದಿಲ್ಲ."

ಟೈಪ್ ಮಾಡಿಸಿ ಕೊಟ್ಟರು. ಓದಿದೆ. ಮಾನವೀಯತೆಯ ದೃಷ್ಟಿಯಿಂದ ರಿಯಾಯಿತಿ ತೋರಿಸಿ ದಂಡ ಮನ್ನಾ ಮಾಡಲಾಗಿದೆ ಅಂತಿತ್ತು. ಇವರು ನನಗೆ ರಿಯಾಯಿತಿ ತೋರಿಸುತ್ತಾರಂತೆ! ಆ ಸಾಲನ್ನು ಪೆನ್ನಿನಿಂದ ಅಡ್ಡ ಗೀಚಿ, "ಬೇಡಿಕೆ ತಪ್ಪಾಗಿತ್ತು ಅಂತ ಬರೀರಿ" ಎಂದೆ. ವಕೀಲರು ಕ್ಲಾರ್ಕನ್ನು ಕರೆದರು. ಹೊಸ ಹಾಳೆಯಲ್ಲಿ 'ತಪ್ಪಾಗಿ ಕಳಿಸಲಾಗಿದೆ' ಎಂದು ಬಂತು. ವಿಷಾದ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಕಾರಿನಲ್ಲಿ ಅಣ್ಣ, "ಗೆದ್ದೆವಲ್ಲ, ಇನ್ನಾದರ ಸಿಟ್ಟು ಇಳಿಸವ್ವಾ" ಅಂದ. ಕುರುಗೋಡಿನಲ್ಲಿ ಅವನ ಮನೆಗೆ ಹೋದೆವು. ಅತ್ತಿಗೆ ಬಡಿಸಿದ ರೊಟ್ಟಿ ಮುರಿಯುತ್ತ, ವಕೀಲರು ಹೇಳಿದ ಆ ಲಿಸ್ಟಿನಲ್ಲಿ ಇನ್ನೂ ಎಷ್ಟು ಜನ ಹೆದರಿ ದಂಡ ಕಟ್ಟಿರಬಹುದು ಎಂದು ಯೋಚಿಸಿದೆ. ಮತ್ತೆ ಮೈಯೆಲ್ಲ ಉರಿಯಿತು.