ಮೇಣದ ಮುಖಕ್ಕೆ ವರ್ಷಕ್ಕೊಂದು ಗೆರೆ

ಟಿಕ್. ಸ್ವಲ್ಪ ಹೊತ್ತು ಬಿಟ್ಟು, ಕೋಣೆಯ ಇನ್ನೊಂದು ಮೂಲೆಯಿಂದ ಮತ್ತೆ ಟಿಕ್.

ಬೆಳಕು ಹರಿಯಲು ಇನ್ನೂ ಒಂದು ಗಂಟೆಯಿದೆ. ಪತ್ರಿಕೆಗೆ ಬರೆಯಲೆಂದು ಬಂದಿರುವ ನಾನು ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ ಗೋಡೆಗೆ ಬೆನ್ನು ಒತ್ತಿ ಕೂತಿದ್ದೇನೆ. "ಹೆದರ್ಕೋಬೇಡಿ ಮೇಡಂ. ತಣ್ಣಗಾದ್ರೆ ಮೇಣ ಸೆಟ್ಕೊಳ್ಳುತ್ತೆ, ಅದರ ಸದ್ದು," ಎನ್ನುತ್ತಾರೆ ಮೇಣದಕ್ಕ. ಎಲ್ಲರೂ ಅವರನ್ನು ಕರೆಯುವುದೇ ಹಾಗೆ.

ಚರ್ಮರೋಗ ಕಲಿಯುವವರಿಗಾಗಿ ನಿಜವಾದ ರೋಗಿಗಳಿಂದ ಅಚ್ಚು ತೆಗೆದ ಮೇಣದ ಮುಖಗಳು ಇಲ್ಲಿ ಮುನ್ನೂರ ಹನ್ನೆರಡಿವೆ. ಮೂವತ್ತೊಂದು ವರ್ಷಗಳಿಂದ ಅಚ್ಚು ತೆಗೆಯುವುದೂ ದುರಸ್ತಿಯೂ ಅವರದೇ. ಬಿಸಿಲೇರಿದರೆ ಮೇಣ ಬೆರಳಿಗೆ ಅಂಟುತ್ತದೆ, ಹಾಗಾಗಿ ಈ ಹೊತ್ತಿನಲ್ಲೇ ಕೆಲಸ. ಸೂಜಿಯಿಂದ ಒಂದೊಂದೇ ಕೂದಲು ನೆಟ್ಟರೆ ಒಂದು ಹುಬ್ಬಿಗೆ ನಾಲ್ಕು ದಿನ.

"ಮನೇಲಿ ಗಂಡ ತಲೆ ಎತ್ತಿ ನೋಡಲ್ಲ. ಇಲ್ನೋಡಿ, ಇಷ್ಟು ಜನ ಕಣ್ಣೇ ಮಿಟುಕ್ಸಲ್ಲ!"

ಅವರ ಬೆರಳ ತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿವೆ. ಹಾಜರಿ ಯಂತ್ರ ಅವರನ್ನು ಗುರುತಿಸುವುದಿಲ್ಲ. ಬಂದಿದ್ದಾರೆಂದು ದಿನಾ ಜವಾನ ಸಾಕ್ಷಿ ಹೇಳಬೇಕು.

ಈಗ ಹೊಸ ಆದೇಶ ಬಂದಿದೆ: ಅಚ್ಚು ತೆಗೆದಾಗಿನ ರೋಗಿಯ ಫೋಟೋವನ್ನು ಹೋಲದ ಮುಖಗಳನ್ನು ಕರಗಿಸಬೇಕು. ಪರಿಶೀಲನೆ ಇವತ್ತೇ.

ಅಕ್ಕ ಒಂದು ಮುಖವನ್ನು ಮಗುವಿನಂತೆ ಎತ್ತಿ ತರುತ್ತಾರೆ. ಜೊತೆಗೊಂದು ಫೋಟೋ. ಫೋಟೋದಲ್ಲಿ ಹತ್ತೊಂಬತ್ತರ ಹುಡುಗಿ. ಮೇಣದಲ್ಲಿ ಐವತ್ತರ ಹೆಂಗಸು.

"ನನ್ ತಂಗಿ. ಇಲ್ಲೇ ಪೇಷೆಂಟ್ ಆಗಿದ್ಲು. ನಾನೇ ತೆಗೆದ ಮೊದಲನೇ ಅಚ್ಚು. ಆ ವಾರಾನೇ ಹೋಗ್ಬಿಟ್ಲು. ನಾನೊಬ್ಳೇ ಮುದುಕಿ ಆದ್ರೆ ಹೇಗೆ ಹೇಳಿ? ವರ್ಷಕ್ಕೊಂದು ಗೆರೆ ಎಳೀತೀನಿ."

ಹಣೆಯಂಚಿನಲ್ಲಿ ನೆಟ್ಟಿರುವ ನರೆಗೂದಲು ಅಕ್ಕನದೇ. ಅವರು ತಂಗಿಯ ತುಟಿಯ ಪಕ್ಕದ ಗೆರೆ ತೋರಿಸುತ್ತಾರೆ. "ಇದೊಂದು ಮಾತ್ರ ನಾನು ಎಳೆದಿದ್ದಲ್ಲ."

ಮೇಣ ಕುಗ್ಗಿರಬಹುದು ಎನ್ನುತ್ತೇನೆ.

"ಇರ್ಬೋದು." ಅವರು ದೀಪವನ್ನು ತಮ್ಮ ಮುಖದ ಹತ್ತಿರ ತರುತ್ತಾರೆ. ಅದೇ ಜಾಗದಲ್ಲಿ ಅದೇ ಗೆರೆ, ಇನ್ನೂ ಎಳೆಯದು. "ನನಗೆ ಬಂದಿದ್ದು ಈ ತಿಂಗಳು. ಅವಳಿಗೆ ಹೋದ ವರ್ಷಾನೇ ಬಂದಿತ್ತು."

ಆಮೇಲೆ ಫೋಟೋವನ್ನು ನನ್ನ ನೋಟ್‌ಬುಕ್ಕಿನೊಳಗೆ ಇಡುತ್ತಾರೆ. "ಪೇಪರ್‌ನಲ್ಲಿ ನನ್ನ ಚಿತ್ರಗಿತ್ರ ಬೇಡಮ್ಮ. ನಾನು ರಿಟೈರ್ ಆಗೋವರೆಗೂ ಇವಳು ಕಪಾಟಲ್ಲಿರ್ಲಿ, ಸಾಕು."

ಒಂಬತ್ತಕ್ಕೆ ವಿಭಾಗದ ಮುಖ್ಯಸ್ಥರು ಕಡತ ಹಿಡಿದು ಬರುತ್ತಾರೆ. ಒಂದೊಂದೇ ಮುಖ ನೋಡುತ್ತಾ, ತಂಗಿಯ ಮುಖವಿರುವ ಕೊನೆಯ ಕಪಾಟಿನ ಮುಂದೆ ನಿಲ್ಲುತ್ತಾರೆ.

"ಇದರ ಫೋಟೋನೇ ಇಲ್ವಲ್ಲ. ನೀವೇನಾದ್ರೂ ನೋಡಿದ್ರಾ ಮೇಡಂ?"

"ಇಲ್ಲ ಸರ್."

"ಫೋಟೋ ಇಲ್ದೆ ಏನಂತ ಹೋಲಿಸೋದು? ಇರ್ಲಿ ಬಿಡಿ," ಎಂದು ಮುಂದೆ ಹೋಗುತ್ತಾರೆ.

ನೋಟ್‌ಬುಕ್ಕನ್ನು ಎದೆಗೊತ್ತಿ ಮೆಟ್ಟಿಲು ಹತ್ತುತ್ತೇನೆ. ಇದನ್ನು ಓದಿ, ಆ ಕಾಲೇಜು ಯಾವುದು ಎಂದು ಕೇಳುವವರು ಇರುತ್ತಾರೆ. ಯಾರಿಗೂ ಹೇಳುವುದಿಲ್ಲ.