ಮೂರನೇ ಪಿನ್ನಿಗೆ ಕಾವಲು ಕೂತ ಪ್ಲಗ್ಗಕ್ಕ

ಬೆಳಗಿನ ಜಾವ ಐದು ಗಂಟೆ. ಮೇಲಿನ ಮನೆಯವರ ನೀರಿನ ಪಂಪು ಇನ್ನೂ ಎದ್ದಿಲ್ಲ, ಎದುರು ಮನೆಯ ವಾಷಿಂಗ್ ಮೆಷಿನ್ನಿಗೂ ನಿದ್ದೆ. ನೆಲಮಹಡಿಯ ಮುಂದಿನ ಕೋಣೆಯಲ್ಲಿ ಐವತ್ತಾರು ವರ್ಷದ ಹೆಂಗಸೊಬ್ಬರು ಮಂಡಿಯೂರಿ, ಸ್ಪೀಕರ್ ಪೆಟ್ಟಿಗೆಗೆ ಕಿವಿ ಒತ್ತಿಕೊಂಡು ಉಸಿರು ಬಿಗಿಹಿಡಿದಿದ್ದಾರೆ. ಪೆಟ್ಟಿಗೆಯಿಂದ ಏನೂ ಕೇಳಿಸುತ್ತಿಲ್ಲ. ಏನೂ ಕೇಳಿಸದಿರಲಿ ಎಂದೇ ಅವರು ಇಷ್ಟು ಹೊತ್ತಿಗೆ ಎದ್ದಿರುವುದು. ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಿಟ್ಟಿದ್ದಾರೆ. ಬಾಗಿಲಲ್ಲಿ ಗಂಡ ಪ್ರತ್ಯಕ್ಷರಾಗುತ್ತಾರೆ, ಗಂಟಲಲ್ಲಿ ಕೆಮ್ಮು ಬಂದು ಕೂತಿದೆ.

"ಈಗ ಕೆಮ್ಮಬೇಡಿ ಮಾರಾಯ್ರೇ," ಎನ್ನುತ್ತಾರೆ ಆಕೆ ಪಿಸುದನಿಯಲ್ಲಿ. ಗಂಡ ಬಾಯಿಗೆ ಟವೆಲ್ ಒತ್ತಿಕೊಂಡು ಬಚ್ಚಲುಮನೆಗೆ ಓಡಿ, ಬಾಗಿಲು ಹಾಕಿಕೊಂಡು ಕೆಮ್ಮಿ ಬರುತ್ತಾರೆ. ಹನ್ನೊಂದು ವರ್ಷದಿಂದ ಈ ಮನೆಯ ಪದ್ಧತಿ ಇದು.

ಊರಿನ ಗಿಟಾರಿನವರೆಲ್ಲ ಈಕೆಯನ್ನು ಕರೆಯುವುದು ಪ್ಲಗ್ಗಕ್ಕ ಎಂದು. ಗಿಟಾರ್ ನುಡಿಸುವವರ ಕಾಲ ಬಳಿ ಅಂಗೈ ಅಗಲದ ಬಣ್ಣಬಣ್ಣದ ಡಬ್ಬಿಗಳಿರುತ್ತವೆ. ಅವು ಪೆಡಲ್‌ಗಳು. ಒಂದನ್ನು ತುಳಿದರೆ ಗಿಟಾರ್ ಗುಡುಗುತ್ತದೆ, ಇನ್ನೊಂದನ್ನು ತುಳಿದರೆ ಬಾವಿಯೊಳಗಿಂದ ಕರೆದಂತೆ ಕೇಳುತ್ತದೆ. ಇವನ್ನೆಲ್ಲ ಒಂದೇ ಹಲಗೆಯ ಮೇಲೆ ಕೂರಿಸಿ, ಒಂದಕ್ಕೊಂದು ವೈರು ಜೋಡಿಸಿ, ಕರೆಂಟು ಕೊಟ್ಟು, ತುಳಿಯುವವರು ಬದುಕಿ ಮನೆಗೆ ಹೋಗುವಂತೆ ನೋಡಿಕೊಳ್ಳುವುದು ಪ್ಲಗ್ಗಕ್ಕನ ಕೆಲಸ. ಇಲ್ಲಿಯವರೆಗೆ ನಲವತ್ತೊಂದು ಹಲಗೆಗಳನ್ನು ಕಟ್ಟಿದ್ದಾರೆ. ನಲವತ್ತೆರಡನೆಯದು ಈಗ ಎದುರಿಗಿದೆ, ಇವತ್ತು ಸಂಜೆ ಆರಕ್ಕೆ ವೇದಿಕೆ ಏರಬೇಕು.

ಪ್ಲಗ್ಗಕ್ಕನಿಗೆ ಸಂಗೀತದ ಗಂಧಗಾಳಿ ಇಲ್ಲ. ಹತ್ತೊಂಬತ್ತು ವರ್ಷ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿಯಲ್ಲಿ ಪರದೆಯ ಹಿಂದೆ ಕೂತು ಕೆಲಸ ಮಾಡಿದವರು. "ಗಿರಾಕಿಗಳು ಪರದೆ ಸರಿಸಿ ನನ್ನನ್ನೇ ಕೇಳೋರು, ಮೆಕ್ಯಾನಿಕ್ ಇಲ್ವೇನಮ್ಮಾ ಅಂತ. ಕೈಯಲ್ಲಿ ಸ್ಕ್ರೂಡ್ರೈವರ್ ಇರೋದು. ಊಟಕ್ಕೆ ಹೋಗಿದಾನೆ, ಬರ್ತಾನೆ ಕೂತ್ಕೊಳ್ಳಿ ಅನ್ನೋಳು ನಾನು. ಅವರು ಕೂತಿರೋವಾಗ್ಲೇ ರಿಪೇರಿ ಮುಗಿಸಿ ಕೊಟ್ಟುಬಿಡ್ತಿದ್ದೆ," ಎಂದು ನಗುತ್ತಾರೆ. ಮಾಲೀಕರಿಗೆ ವಯಸ್ಸಾಗಿ ಅಂಗಡಿ ಮುಚ್ಚಿತು. ಆಕೆ ಕರೆಂಟು ಅಳೆಯುವ ತಮ್ಮ ಮೀಟರು, ಬೆಸುಗೆ ಕಡ್ಡಿ ಎತ್ತಿಕೊಂಡು ಮನೆಗೆ ಬಂದರು.

ಅದೇ ತಿಂಗಳು ತಮ್ಮನ ಪ್ರಕರಣ ನಡೆಯಿತು. ಹೋಟೆಲುಗಳಲ್ಲಿ ಗಿಟಾರ್ ನುಡಿಸುತ್ತ ಹಾಡುವವನು ಅವನು. ಚಪ್ಪಲಿ ಗೂಡಿನ ಬಾಗಿಲು ಕಿತ್ತು, ಅದಕ್ಕೆ ಏಳು ಪೆಡಲ್‌ಗಳನ್ನು ಟೇಪಿನಲ್ಲಿ ಅಂಟಿಸಿಕೊಂಡಿದ್ದ. ಸ್ಪೀಕರ್ ಯಾವಾಗಲೂ ಗುಂಯ್ ಎನ್ನುತ್ತಿತ್ತು. ಯಾರೋ ಜಾಣರು ಉಪಾಯ ಹೇಳಿಕೊಟ್ಟರು: ಪ್ಲಗ್ಗಿನ ದಪ್ಪನೆಯ ಮೂರನೇ ಪಿನ್ನು, ಅಂದರೆ ಅರ್ಥಿಂಗ್ ಪಿನ್ನು ಇದೆಯಲ್ಲ, ಅದನ್ನು ಕತ್ತರಿಸಿಬಿಡು, ಗುಂಯ್ ನಿಲ್ಲುತ್ತದೆ. ಕತ್ತರಿಸಿದ. ನಿಂತಿತು. ಎರಡು ವಾರ ಆರಾಮಾಗಿ ಮೆರೆದ. ಮೂರನೇ ವಾರ ಕೈಯಲ್ಲಿ ಗಿಟಾರ್ ತಂತಿ ಹಿಡಿದು, ಹಾಡಲು ಬಾಗಿ, ತುಟಿ ಮೈಕಿಗೆ ತಾಗಿದ್ದೇ ತಡ, ಹಿಂದಕ್ಕೆ ಹಾರಿ ಡ್ರಮ್ಮುಗಳ ಮೇಲೆ ಬಿದ್ದ. ಎಲ್ಲೋ ಸೋರುತ್ತಿದ್ದ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಮುಚ್ಚಿದ್ದರಿಂದ ಅದು ಇವನನ್ನೇ ದಾರಿ ಮಾಡಿಕೊಂಡಿತ್ತು. ಊಟಕ್ಕೆ ಕೂತಿದ್ದ ಜನ ಇದೂ ಕಾರ್ಯಕ್ರಮದ ಭಾಗವೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರು "ಇನ್ನೊಂದ್ಸಲ!" ಎಂದು ಕೂಗಿದರಂತೆ.

"ಎಲ್ಲರೂ ಇದನ್ನ ಹೇಳಿ ನಗ್ತಾರೆ. ನಾನೂ ನಗ್ತೀನಿ," ಎನ್ನುತ್ತಾರೆ ಪ್ಲಗ್ಗಕ್ಕ. "ಆದ್ರೆ ಒಂದು ತಿಂಗಳು ಅವನ ಎರಡು ಬೆರಳು ಮರಗಟ್ಟಿತ್ತು. ಅನ್ನ ಕಲಸಿ ಕೊಟ್ಟಿದ್ದು ನಾನೇ. ಕರೆಂಟು ಬಲಗೈಯಿಂದ ಹೋಗಿದ್ದು ಪುಣ್ಯ, ಎದೆ ಮೇಲೆ ಹಾದಿದ್ರೆ ಹೀಗೆ ನಗ್ತಾ ಮಾತಾಡ್ತಾ ಇರ್ಲಿಲ್ಲ ನಾನು." ಆ ಮಾತು ಬಂದಾಗ ಅವರ ಕೈಯಲ್ಲಿನ ವೈರು ಅಲ್ಲೇ ನಿಲ್ಲುತ್ತದೆ.

ತಮ್ಮನಿಗೆ ಕಟ್ಟಿಕೊಟ್ಟದ್ದೇ ಮೊದಲ ಹಲಗೆ. ಮನೆಯಲ್ಲಿ ಮರವಿರಲಿಲ್ಲ. ಗಂಡನ ಮಂಚದಿಂದ ಮೂರು ಪಟ್ಟಿ ಬಿಚ್ಚಿಕೊಂಡರು. ಅಂಚೆ ವಿಂಗಡಿಸುವ ಕೆಲಸದಿಂದ ದಣಿದು ಬಂದ ಅವರು ಏನೂ ತಿಳಿಯದೆ ಮಲಗಿದರೆ, ಸೊಂಟ ಮಾತ್ರ ನೆಲ ಕಂಡಿತು. "ಬೇರೆಯವರ ಹೆಂಡ್ತಿಯರು ಒಡವೆ ಕೇಳ್ತಾರೆ, ನಮ್ಮನೆಯವಳು ಮಂಚ ಕೇಳ್ತಾಳೆ. ಕೇಳ್ತಾಳೆ ಅಂದ್ನಾ? ಕೇಳ್ಲೂ ಇಲ್ಲ," ಎನ್ನುತ್ತಾರೆ ಆ ಮನುಷ್ಯ, ಇವತ್ತಿಗೂ ಸೊಂಟ ಹಿಡಿದುಕೊಂಡು.

ಒಂದು ಹಲಗೆಗೆ ಒಂಬತ್ತು ದಿನ ಬೇಕು. ಹೆಚ್ಚುಕಮ್ಮಿ ಮೂವತ್ತು ಅಡಿ ವೈರು, ಐವತ್ತಕ್ಕೂ ಮೀರಿ ಬೆಸುಗೆ. ಬೆಸುಗೆಯ ಹೊಗೆ ಕಿಟಕಿಯಾಚೆ ಹೋಗಲೆಂದು ಟೇಬಲ್ ಫ್ಯಾನನ್ನು ಬೀದಿಗೆ ಮುಖ ಮಾಡಿಟ್ಟಿದ್ದಾರೆ, ಹಾಗಾಗಿ ಸೆಕೆಗಾಲದಲ್ಲಿ ಗಾಳಿ ಬೀದಿಗೆ, ಬೆವರು ಇವರಿಗೆ. ಗೋಡೆಯಿಂದ ಬರುವ ಕರೆಂಟೆಲ್ಲ ಮುಚ್ಚಿದ, ಫ್ಯೂಸ್ ಇರುವ ಒಂದೇ ಡಬ್ಬಿಯೊಳಗೆ. ಅಲ್ಲಿಂದ ಹೊರಬರುವುದು ಪೆಡಲ್‌ಗಳಿಗೆ ಬೇಕಾದ ಒಂಬತ್ತು ವೋಲ್ಟು ಮಾತ್ರ, ಪ್ರತಿ ಪೆಡಲ್‌ಗೂ ಬೇರೆಬೇರೆ ದಾರಿ. ಕಾಲಿಗೆ ವೈರು ತೊಡರಿ ಯಾರಾದರೂ ಮುಗ್ಗರಿಸಿದರೂ ಎಳೆತ ಬೆಸುಗೆಯವರೆಗೆ ಹೋಗದಂತೆ ಹಲಗೆಯಂಚಿನಲ್ಲಿ ವೈರನ್ನು ಬಿಗಿಹಿಡಿಯುವ ಪಟ್ಟಿ. ಪ್ರತಿ ತುದಿಯನ್ನೂ ಮೀಟರಿಟ್ಟು ನೋಡಿ, ಮೂರು ಸಲ ಜಗ್ಗಿ, ಆಮೇಲೆಯೇ ಮುಂದಿನದು. ಜಗ್ಗುವಾಗ ಅವರ ಮುಖದಲ್ಲಿ ಯಾರ ಮೇಲೋ ಹಳೆಯ ಸಿಟ್ಟಿದ್ದಂತೆ ಕಾಣುತ್ತದೆ.

ಎಂಟು ಗಂಟೆಗೆ ಈ ಹಲಗೆಯ ಒಡೆಯರು ಬರುತ್ತಾರೆ. ವೃತ್ತಿಯಿಂದ ಹಲ್ಲಿನ ಡಾಕ್ಟರು. ಐವತ್ತನೇ ವಯಸ್ಸಿನಲ್ಲಿ ಗಿಟಾರ್ ಹುಚ್ಚು ಹಿಡಿದು ಹದಿಮೂರು ಪೆಡಲ್ ಕೊಂಡಿದ್ದಾರೆ. ನುಡಿಸಲು ಬರುವ ಹಾಡುಗಳು ನಾಲ್ಕು. ಇವತ್ತು ಅವರ ಮೊದಲ ಕಾರ್ಯಕ್ರಮ. ಪೆಟ್ಟಿಗೆಯಿಂದ ಥಳಥಳಿಸುವ ಗಿಟಾರ್ ತೆಗೆದು ಹಲಗೆಗೆ ಜೋಡಿಸುತ್ತಾರೆ.

ಗುಂಯ್!

ಬೆಳಿಗ್ಗೆ, ಪರೀಕ್ಷೆಗೆಂದೇ ಪ್ಲಗ್ಗಕ್ಕ ಮನೆಯಲ್ಲಿಟ್ಟುಕೊಂಡಿರುವ ಹಳೇ ಗಿಟಾರಿನಲ್ಲಿ ಉಸಿರೆತ್ತದ ಹಲಗೆ ಈಗ ಜೇನುಗೂಡಿಗೆ ಕಲ್ಲು ಬಿದ್ದಂತೆ ಮೊರೆಯುತ್ತಿದೆ. ಏನು ಕೆಟ್ಟರೂ ಮೊದಲ ಅನುಮಾನ ತಮ್ಮ ಕೈಕೆಲಸದ ಮೇಲೆಯೇ, ಅದು ಅವರ ಜಾಯಮಾನ. ಪ್ಲಗ್ ಕಿತ್ತು, ಒಂದು ಪೆಡಲ್ ತೆಗೆದು, ಮತ್ತೆ ಹಾಕಿ ನೋಡುತ್ತಾರೆ. ಗುಂಯ್. ಎರಡನೆಯದು ತೆಗೆಯುತ್ತಾರೆ. ಗುಂಯ್. ಅಷ್ಟರಲ್ಲಿ ಮೇಲಿನ ಪಂಪೂ ದನಿಗೂಡಿಸುತ್ತದೆ. ಹನ್ನೊಂದು ಗಂಟೆಗೆ ಹದಿಮೂರೂ ಪೆಡಲ್‌ಗಳು ನೆಲದ ಮೇಲೆ ಹರಡಿವೆ, ಒಂಬತ್ತು ದಿನದ ಕೆಲಸ ಬೆತ್ತಲಾಗಿ ಕೂತಿದೆ.

ಡಾಕ್ಟರು ಗಡಿಯಾರ ನೋಡುತ್ತಾರೆ, ಬೆವರು ಒರೆಸುತ್ತಾರೆ, ಕೊನೆಗೆ ಮೇಜಿನ ಮೇಲಿದ್ದ ಕಟಿಂಗ್ ಪ್ಲೇಯರ್ ಎತ್ತಿಕೊಳ್ಳುತ್ತಾರೆ. "ಅಕ್ಕಾ, ಎಲ್ಲರೂ ಮಾಡ್ತಾರಂತೆ. ಒಂದೇ ಒಂದು ಪಿನ್ನು. ಇವತ್ತು ಒಂದಿನಕ್ಕೆ."

"ಕೆಳಗಿಡಿ ಅದನ್ನ."

"ಗುಂಯ್ ಅಂತ ನನ್ನ ಮಗಳ ಮುಂದೆ..."

"ಡಾಕ್ಟ್ರೇ, ನೋವು ಅಂತ ಬಂದೋರ ಹಲ್ಲೆಲ್ಲ ಕಿತ್ತು ಕಳಿಸ್ತೀರಾ ನೀವು?"

ಡಾಕ್ಟರು ಪ್ರಾಮಾಣಿಕರು. "ಕೆಲವು ಸಲ," ಎನ್ನುತ್ತಾರೆ.

ಪ್ಲಗ್ಗಕ್ಕ ಪ್ಲೇಯರನ್ನು ಕಿತ್ತುಕೊಂಡು ಅದರ ಮೇಲೆಯೇ ಕೂರುತ್ತಾರೆ. "ಪಿನ್ನಿಲ್ಲದ ಹಲಗೆ ಈ ಹೊಸ್ತಿಲು ದಾಟಲ್ಲ. ನಿಮ್ಮ ಕಾರ್ಯಕ್ರಮ ನಿಂತ್ರೆ ನನ್ನನ್ನ ಬೈಕೊಳ್ಳಿ, ಊರೆಲ್ಲ ಸಾರಿ. ನಿಮ್ಮ ಮಗಳು ಗುಂಯ್ ಕೇಳಿದ್ರೆ ಪರವಾಗಿಲ್ಲ, ನೀವು ಬೀಳೋದನ್ನ ನೋಡಬಾರದು." ಅವರಿಗೆ ಹೆದರಿಕೆಯಾಗಿದೆ, ಅದನ್ನು ಮುಚ್ಚಿಡುವುದೂ ಇಲ್ಲ. ಹನ್ನೊಂದು ವರ್ಷದ ಹೆಸರು ಒಂದು ಕಡೆ, ಎದುರಿಗೆ ನಿಂತ ಮನುಷ್ಯನ ಜೀವ ಇನ್ನೊಂದು ಕಡೆ. ಸಂಜೆಗೆ ಏಳು ಗಂಟೆಯಷ್ಟೇ ಬಾಕಿ.

ಕೂತಲ್ಲಿಂದಲೇ, ಮೀಟರಿನಲ್ಲಿ ಅರ್ಥಿಂಗ್ ಸರಿಯಿದೆಯೆಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಡಾಕ್ಟರ ಗಿಟಾರನ್ನು ನೇರ ಸ್ಪೀಕರಿಗೇ ಜೋಡಿಸಿ, ಅದರ ತಂತಿಯ ಮೇಲೆ ಬೆರಳಿಡುತ್ತಾರೆ. ಸರಿಯಿರುವ ಗಿಟಾರಿನಲ್ಲಿ ತಂತಿ ಮುಟ್ಟಿದರೆ ಗುಂಯ್ ತಗ್ಗಬೇಕು. ತಗ್ಗುವುದಿಲ್ಲ. ವೈರು ಸಿಕ್ಕಿಸಿದ ಕಡೆಯ ಲೋಹ ಮುಟ್ಟುತ್ತಾರೆ. ತಟಕ್ಕನೆ ತಗ್ಗುತ್ತದೆ. ಪ್ಲಗ್ಗಕ್ಕ ನಿಧಾನಕ್ಕೆ ತಲೆ ಎತ್ತುತ್ತಾರೆ.

"ಡಾಕ್ಟ್ರೇ, ಈ ಗಿಟಾರ್ ಬಿಚ್ಚಿದ್ರಾ?"

ಡಾಕ್ಟರು ಕಿಟಕಿಯಾಚೆ ನೋಡುತ್ತಾರೆ. "ಬಿಚ್ಚೋದು ಅಂದ್ರೆ... ತಂತಿಗಳು ಕೂರೋ ಪಟ್ಟಿ ಬೆಳ್ಳಿ ಬಣ್ಣ ಇತ್ತು. ಚಿನ್ನದ ಬಣ್ಣದ್ದು ಹಾಕ್ಕೊಂಡೆ. ವಿಡಿಯೋ ನೋಡ್ಕೊಂಡು."

"ಹಾಕಿದ ಮೇಲೆ ಏನಾದ್ರೂ ಮಿಕ್ತಾ?"

"ಒಂದು ಚಿಕ್ಕ ವೈರು," ಎನ್ನುತ್ತಾರೆ ಡಾಕ್ಟರು. "ಹೆಚ್ಚಿಗೆ ಕೊಟ್ಟಿದಾರೇನೋ ಅಂದ್ಕೊಂಡೆ."

ತಂತಿಗಳನ್ನು ಅರ್ಥಿಂಗಿಗೆ ಸೇರಿಸುವ ವೈರು ಅದೇ. ಪ್ಲಗ್ಗಕ್ಕ ಎರಡು ಕೈಯಲ್ಲೂ ಮುಖ ಮುಚ್ಚಿಕೊಳ್ಳುತ್ತಾರೆ. ಬೈಯುತ್ತಾರೋ ಅಳುತ್ತಾರೋ ಎಂದು ಡಾಕ್ಟರು ಗಾಬರಿಯಾದರೆ, ಆಕೆ ನಗುತ್ತಿದ್ದಾರೆ. "ಬೇರೆಯವರಾಗಿದ್ರೆ ಮೊದಲು ಗಿಟಾರ್ ಬದಲಾಯಿಸಿ ನೋಡ್ತಿದ್ರು. ನಾನು ಆ ಚಿನ್ನದ ಬಣ್ಣಕ್ಕೆ ಮರುಳಾಗಿ ಮೂರು ಗಂಟೆ ನನ್ನ ಕೈಕೆಲಸಾನೇ ಬಿಚ್ಚಿದೆ. ನಾನೂ ಬೆಪ್ಪಿಯೇ," ಎಂದು ಹೊಸ ವೈರು ಹುಡುಕುತ್ತಾರೆ. ಬೆಸುಗೆಗೆ ಹಿಡಿದದ್ದು ಎರಡು ನಿಮಿಷ. ಬಿಚ್ಚಿದ ಹದಿಮೂರನ್ನು ಮತ್ತೆ ಕೂರಿಸಿ, ಮತ್ತೆ ಮೀಟರಿಟ್ಟು, ಮತ್ತೆ ಮೂರು ಮೂರು ಸಲ ಜಗ್ಗುವಷ್ಟರಲ್ಲಿ ಸಂಜೆ ಐದಾಗುತ್ತದೆ. ಡಾಕ್ಟರು ಅಷ್ಟು ಹೊತ್ತೂ ಟಾರ್ಚು ಹಿಡಿದು ನಿಂತಿರುತ್ತಾರೆ.

ಪ್ಲಗ್ಗಕ್ಕ ಕಾರ್ಯಕ್ರಮಗಳಿಗೆ ಹೋಗುವುದಿಲ್ಲ. ವೇದಿಕೆಯಲ್ಲಿ ಮೈಕಿನವರಿಗೆ, ದೀಪದವರಿಗೆ, ಕುರ್ಚಿ ಹಾಕಿದವರಿಗೂ ವಂದನೆ ಹೇಳುತ್ತಾರೆ, ಹಲಗೆ ಕಟ್ಟಿದವರ ನೆನಪು ಯಾರಿಗೂ ಆಗುವುದಿಲ್ಲ. ಅದರ ಬೇಸರವೇನೂ ಅವರಿಗಿದ್ದಂತಿಲ್ಲ. ಆದರೆ ಇವತ್ತು ಮನಸ್ಸು ತಡೆಯದೆ, ಗಂಡನನ್ನೂ ಹೊರಡಿಸಿಕೊಂಡು ಹೋಗಿ ಸಭಾಂಗಣದ ಪಕ್ಕದ ಬಾಗಿಲಲ್ಲಿ ನಿಲ್ಲುತ್ತಾರೆ.

ಡಾಕ್ಟರು ಶುರು ಮಾಡುತ್ತಾರೆ. ಗುಂಯ್ ಎಳ್ಳಷ್ಟೂ ಇಲ್ಲ. ಹಾಗಾಗಿ ಅವರ ತಪ್ಪುಗಳು ಒಂದೂ ಬಿಡದೆ ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ಕೇಳುತ್ತವೆ. ಗುಡುಗಬೇಕಾದಲ್ಲಿ ಬಾವಿಯ ಪೆಡಲ್ ತುಳಿಯುತ್ತಾರೆ. ಮುಂದಿನ ಸಾಲಿನಲ್ಲಿ ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಎರಡನೇ ಹಾಡಿಗೆ ಡಾಕ್ಟರು ಹುರುಪಿನಲ್ಲಿ ಮುಂದೆ ಬಾಗಿದಾಗ ತುಟಿ ಮೈಕಿಗೆ ತಾಗುತ್ತದೆ. ಬಾಗಿಲಲ್ಲಿದ್ದ ಪ್ಲಗ್ಗಕ್ಕ ಗಂಡನ ತೋಳನ್ನು ಉಗುರು ನಾಟುವಷ್ಟು ಗಟ್ಟಿ ಹಿಡಿಯುತ್ತಾರೆ.

ಡಾಕ್ಟರು ಹಾಡುತ್ತಲೇ ಇರುತ್ತಾರೆ.

ಹೊರಗೆ ಬಂದಾಗ ಯಾರೋ ಕೇಳುತ್ತಾರೆ, ಹೇಗಿತ್ತಕ್ಕಾ ಹಾಡು?

"ಹಾಡು ನನಗೆ ಗೊತ್ತಾಗಲ್ಲಪ್ಪ," ಎನ್ನುತ್ತಾರೆ ಪ್ಲಗ್ಗಕ್ಕ, ಕಣ್ಣೊರೆಸಿಕೊಳ್ಳುತ್ತ. "ಬಾಯಿ ಮೈಕಿಗೆ ತಾಗ್ತು. ಆಮೇಲೂ ಇನ್ನೆರಡು ಹಾಡು ಹಾಡಿದ್ರು."